ಅಂಗೈಯಲ್ಲಿ ಪೈಪೋಟಿ: ಎರಡು ಫೋನ್ ವೇದಿಕೆಗಳ ಕಥೆ



ನಿಮ್ಮ ಮನೆಯ ಸ್ಮಾರ್ಟ್‌ಫೋನಿನ ಹಿಂಬದಿಯಲ್ಲಿ ಯಾವ ಕಂಪನಿಯ ಹೆಸರಾದರೂ ಇರಲಿ, ಅದರ ಒಳಗೆ ಕೆಲಸ ಮಾಡುತ್ತಿರುವ ಮೂಲ ತಂತ್ರಾಂಶ ಹೆಚ್ಚುಕಡಿಮೆ ಖಂಡಿತವಾಗಿ ಎರಡರಲ್ಲಿ ಒಂದು. ಒಂದನೆಯದು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್. ಎರಡನೆಯದು ಆ್ಯಪಲ್ ಸಂಸ್ಥೆಯ ಐಒಎಸ್. ಚೀನಾದಲ್ಲಿ ಹುವಾವೇ ಸಂಸ್ಥೆಯ ಹಾರ್ಮನಿ ಎಂಬುದೊಂದನ್ನು ಬಿಟ್ಟರೆ, ಜಗತ್ತಿನ ಕೋಟ್ಯಂತರ ಸ್ಮಾರ್ಟ್‌ಫೋನುಗಳು ಈ ಇಬ್ಬರ ಪಾಲಿಗೆ ಸೇರಿವೆ.

ಪೈಪೋಟಿ ಇದ್ದರೆ ಹೊಸತು ಹುಟ್ಟುತ್ತದೆ ಎಂಬ ಮಾತನ್ನು ಅರ್ಥಶಾಸ್ತ್ರದ ಪಾಠದಲ್ಲಿ ನೀವು ಓದಿರುತ್ತೀರಿ. ಭಾಷಣ ಸ್ಪರ್ಧೆಗಳಲ್ಲಿಯೂ ಕೇಳಿರುತ್ತೀರಿ. ಈ ಮಾತು ಎಷ್ಟು ನಿಜ? ಪೈಪೋಟಿ ಹೊಸತನ್ನು ಹುಟ್ಟಿಸುವುದು ಹೇಗೆ? ಎಲ್ಲಿ ಅದು ಸೋಲುತ್ತದೆ? ಇದನ್ನು ಪರೀಕ್ಷಿಸಲು ನಮ್ಮ ಕೈಯಲ್ಲೇ ಇರುವ ಫೋನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಾತುಕತೆಯನ್ನು ಕಿರುತೆರೆಯಲ್ಲಿ ನೋಡುವ ಮೊದಲು ಈ ಪುಟಗಳನ್ನು ಒಮ್ಮೆ ಓದಿಕೊಂಡರೆ ಚರ್ಚೆಯನ್ನು ಹಿಂಬಾಲಿಸುವುದು ಸುಲಭವಾಗುತ್ತದೆ.

ವೇದಿಕೆ ಎಂದರೇನು?

ಮೊದಲು ‘ವೇದಿಕೆ’ ಎಂಬ ಪದವನ್ನು ಅರ್ಥ ಮಾಡಿಕೊಳ್ಳೋಣ. ಫೋನು ಒಂದು ಪುಟ್ಟ ಗಣಕ. ಅದರ ಪರದೆ, ಕ್ಯಾಮೆರಾ, ಬ್ಯಾಟರಿ, ಸಂಸ್ಕಾರಕ ಇವೆಲ್ಲ ಯಂತ್ರಾಂಶ. ಇವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ಅದರ ಮೇಲೆ ಬೇರೆ ಬೇರೆಯವರು ಬರೆದ ತಂತ್ರಾಂಶಗಳು, ಅಂದರೆ ಆ್ಯಪ್‌ಗಳು ಓಡುತ್ತವೆ. ಹಣ ಪಾವತಿ, ಬಸ್ ಟಿಕೆಟ್, ಪತ್ರಿಕೆ, ಆಟ ಎಲ್ಲವೂ ಆ್ಯಪ್‌ಗಳೇ. ಹೀಗೆ ಇತರರ ಕೆಲಸಕ್ಕೆ ನೆಲೆ ಒದಗಿಸುವ ವ್ಯವಸ್ಥೆಯೇ ವೇದಿಕೆ.

ಇದನ್ನು ಊರಿನ ಸಂತೆಗೆ ಹೋಲಿಸಬಹುದು. ಕೊಳ್ಳುವವರು ಹೆಚ್ಚು ಸೇರುವ ಸಂತೆಗೆ ವ್ಯಾಪಾರಿಗಳು ಬರುತ್ತಾರೆ. ವ್ಯಾಪಾರಿಗಳು ಹೆಚ್ಚಾದಂತೆ ಕೊಳ್ಳುವವರೂ ಹೆಚ್ಚುತ್ತಾರೆ. ಬೆಳೆಯುವ ಸಂತೆ ಇನ್ನಷ್ಟು ಬೆಳೆಯುತ್ತದೆ, ಸೊರಗುವ ಸಂತೆ ಇನ್ನಷ್ಟು ಸೊರಗುತ್ತದೆ. ಫೋನ್ ವೇದಿಕೆಗಳ ವಿಷಯದಲ್ಲೂ ಹೀಗೆಯೇ. ಬಳಕೆದಾರರು ಮತ್ತು ಆ್ಯಪ್ ತಯಾರಕರು ಒಬ್ಬರನ್ನೊಬ್ಬರು ಸೆಳೆಯುತ್ತಾರೆ. ಇಂಥ ಕಡೆ ಹತ್ತಾರು ಸ್ಪರ್ಧಿಗಳು ಬಹುಕಾಲ ಉಳಿಯುವುದು ಕಷ್ಟ. ಕೊನೆಗೆ ಇಬ್ಬರೇ ಉಳಿದದ್ದಕ್ಕೆ ಇದು ಮುಖ್ಯ ಕಾರಣ.

2007ರ ಜನವರಿ

2007ರಲ್ಲಿ ಚಿತ್ರ ಬೇರೆಯೇ ಇತ್ತು. ಜಗತ್ತಿನಲ್ಲಿ ಮಾರಾಟವಾಗುತ್ತಿದ್ದ ಸ್ಮಾರ್ಟ್‌ಫೋನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಿಂಬಿಯನ್ ಎಂಬ ವ್ಯವಸ್ಥೆಯವು. ಅದರ ದೊಡ್ಡ ಆಧಾರ ಫಿನ್ಲೆಂಡಿನ ನೋಕಿಯಾ. ಕಚೇರಿ ಅಧಿಕಾರಿಗಳ ಕೈಯಲ್ಲಿ ಕೆನಡಾದ ಬ್ಲ್ಯಾಕ್‌ಬೆರಿ ಇರುತ್ತಿತ್ತು. ಮೈಕ್ರೋಸಾಫ್ಟ್ ಮತ್ತು ಪಾಮ್ ಕೂಡ ಕಣದಲ್ಲಿದ್ದವು.

ಆ ವರ್ಷ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಮೊದಲ ಐಫೋನನ್ನು ತೋರಿಸಿದರು. ಗುಂಡಿಗಳ ಸಾಲು ಇಲ್ಲ. 3.5 ಅಂಗುಲದ ಗಾಜಿನ ಪರದೆಯೇ ಎಲ್ಲ. ಎರಡು ಬೆರಳು ಹಿಗ್ಗಿಸಿದರೆ ಚಿತ್ರ ಹಿಗ್ಗುತ್ತಿತ್ತು.

ಗೂಗಲ್ ಆಗಲೇ ಫೋನ್ ತಂತ್ರಾಂಶವೊಂದನ್ನು ಸಿದ್ಧಪಡಿಸುತ್ತಿತ್ತು. ಆ್ಯಂಡಿ ರೂಬಿನ್ ಮತ್ತು ಗೆಳೆಯರು 2003ರಲ್ಲಿ ಸ್ಥಾಪಿಸಿದ್ದ ಆಂಡ್ರಾಯ್ಡ್ ಎಂಬ ಪುಟ್ಟ ಕಂಪನಿಯನ್ನು ಅದು 2005ರಲ್ಲಿ ಕೊಂಡಿತ್ತು. ಅವರು ಮೊದಲು ಸಿದ್ಧಪಡಿಸುತ್ತಿದ್ದ ಫೋನು ಬ್ಲ್ಯಾಕ್‌ಬೆರಿಯಂತೆ ಗುಂಡಿಗಳ ಕೀಲಿಮಣೆ ಉಳ್ಳದ್ದು. ಐಫೋನ್ ಕಾಣಿಸಿಕೊಂಡ ಮೇಲೆ ಆ ಯೋಜನೆ ಹಿಂದೆ ಸರಿಯಿತು, ಸ್ಪರ್ಶ ಪರದೆಯ ಯೋಜನೆ ಮುಂದೆ ಬಂದಿತು. 2008ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ (ಎಚ್‌ಟಿಸಿ ಡ್ರೀಮ್) ಸ್ಪರ್ಶ ಪರದೆಯೂ ಇತ್ತು, ಅದರ ಅಡಿಯಿಂದ ಜಾರಿಸಿ ತೆಗೆಯುವ ಕೀಲಿಮಣೆಯೂ ಇತ್ತು. ಎರಡು ಕಾಲಗಳ ನಡುವೆ ನಿಂತ ಫೋನು ಅದು.

ಪೈಪೋಟಿಯ ಮೊದಲ ಗುಣ ಇಲ್ಲಿ ಕಾಣುತ್ತದೆ. ಎದುರಾಳಿಯ ಯಶಸ್ಸು ಒಂದು ಮಾಹಿತಿ. ಯಾವ ದಾರಿಯಲ್ಲಿ ಹೋಗಬಹುದು ಎಂಬುದನ್ನು ಅದು ತೋರಿಸುತ್ತದೆ. ಆ ದಾರಿ ಹಿಡಿಯದಿದ್ದರೆ ಆಗುವ ನಷ್ಟವನ್ನೂ ತೋರಿಸುತ್ತದೆ.

ಎರಡು ಬಗೆಯ ಲೆಕ್ಕಾಚಾರ

ಈ ಇಬ್ಬರೂ ಹಣ ಗಳಿಸುವ ರೀತಿ ಬೇರೆ ಬೇರೆ. ಆ್ಯಪಲ್ ತಾನೇ ಫೋನು ಮಾರುತ್ತದೆ. ಯಂತ್ರಾಂಶ, ತಂತ್ರಾಂಶ ಎರಡೂ ಅದರ ಹಿಡಿತದಲ್ಲಿವೆ. ಫೋನಿನ ಬೆಲೆಯಲ್ಲೇ ಅದರ ಲಾಭದ ದೊಡ್ಡ ಪಾಲಿದೆ. ಗೂಗಲ್ ಆಂಡ್ರಾಯ್ಡನ್ನು ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. 2007ರ ನವೆಂಬರಿನಲ್ಲಿ 34 ಸಂಸ್ಥೆಗಳ ಒಕ್ಕೂಟವೊಂದನ್ನು ಕಟ್ಟಿತು. ಜನ ಹೆಚ್ಚು ಅಂತರ್ಜಾಲ ಬಳಸಿದಷ್ಟೂ ಅದರ ಜಾಹೀರಾತಿನ ಆದಾಯ ಹೆಚ್ಚು.

ಆದ್ದರಿಂದ ಒಬ್ಬರು ದುಬಾರಿ ಫೋನನ್ನು ನಯಗೊಳಿಸುತ್ತ ಹೋದರು. ಇನ್ನೊಬ್ಬರು ಎಲ್ಲ ಬೆಲೆಯ ಫೋನುಗಳಿಗೂ ಹಬ್ಬುತ್ತ ಹೋದರು. ಇಬ್ಬರೂ ಒಂದೇ ದಾರಿ ಹಿಡಿದಿದ್ದರೆ ಪ್ರಯೋಗಗಳ ವೈವಿಧ್ಯ ಕಡಿಮೆಯಾಗುತ್ತಿತ್ತು.

ಯಾರಿಂದ ಯಾರು ಕಲಿತರು?

ಈಗ ಕೆಲವು ನಿರ್ದಿಷ್ಟ ಉದಾಹರಣೆ ನೋಡೋಣ.

ಮೊದಲ ಐಫೋನಿನಲ್ಲಿ ಹೊರಗಿನವರ ಆ್ಯಪ್‌ಗಳಿಗೆ ಜಾಗವಿರಲಿಲ್ಲ. 2008ರ ಜುಲೈನಲ್ಲಿ ಆ್ಯಪಲ್ ಆ್ಯಪ್ ಅಂಗಡಿಯನ್ನು ತೆರೆಯಿತು. ಮೊದಲ ದಿನ ಅಲ್ಲಿದ್ದದ್ದು ಸುಮಾರು 500 ಆ್ಯಪ್‌ಗಳು. ಕೆಲವೇ ತಿಂಗಳಲ್ಲಿ ಗೂಗಲ್ ಕೂಡ ತನ್ನ ಅಂಗಡಿ ತೆರೆಯಿತು. ಐಫೋನಿನಲ್ಲಿ ಬರಹವನ್ನು ನಕಲಿಸಿ ಅಂಟಿಸುವ ಸೌಲಭ್ಯವೂ ಇರಲಿಲ್ಲ. ಅದು ಬಂದದ್ದು 2009ರಲ್ಲಿ. ಪರದೆಯ ಮೇಲಿನಿಂದ ಬೆರಳು ಎಳೆದರೆ ಬಂದ ಸಂದೇಶಗಳೆಲ್ಲ ಪಟ್ಟಿಯಾಗಿ ಇಳಿಯುವ ಕ್ರಮ ಆಂಡ್ರಾಯ್ಡಿನ ಮೊದಲ ಆವೃತ್ತಿಯಲ್ಲೇ ಇತ್ತು. ಆ್ಯಪಲ್ ಅದನ್ನು 2011ರಲ್ಲಿ ಅಳವಡಿಸಿಕೊಂಡಿತು.

ಪರದೆಯ ಗಾತ್ರವನ್ನೇ ನೋಡಿ. 2011ರಲ್ಲಿ ಸ್ಯಾಮ್ಸಂಗ್ 5.3 ಅಂಗುಲದ ಆಂಡ್ರಾಯ್ಡ್ ಫೋನನ್ನು ತಂದಾಗ ಇಷ್ಟು ದೊಡ್ಡದನ್ನು ಯಾರು ಹಿಡಿಯುತ್ತಾರೆ ಎಂದು ಹಲವರು ನಕ್ಕರು. ಆಗ ಐಫೋನಿನ ಪರದೆ ಇನ್ನೂ 3.5 ಅಂಗುಲದ್ದೇ. ಜನ ದೊಡ್ಡ ಪರದೆಯನ್ನು ಮೆಚ್ಚಿದರು. 2014ರಲ್ಲಿ ಆ್ಯಪಲ್ 4.7 ಮತ್ತು 5.5 ಅಂಗುಲದ ಫೋನುಗಳನ್ನು ತಂದಿತು.

ಕಲಿಕೆ ಎರಡೂ ದಿಕ್ಕಿಗೆ ನಡೆಯಿತು. ಒಂದು ಆ್ಯಪ್ ನಿಮ್ಮ ಸ್ಥಳವನ್ನೋ ಸಂಪರ್ಕಗಳನ್ನೋ ಬಳಸುವ ಹೊತ್ತಿಗೆ ಸರಿಯಾಗಿ ಅನುಮತಿ ಕೇಳುವ ಪದ್ಧತಿ ಐಫೋನಿನಲ್ಲಿ ಮೊದಲೇ ಇತ್ತು. ಆಂಡ್ರಾಯ್ಡಿನಲ್ಲಿ ಆ್ಯಪ್ ಅಳವಡಿಸುವಾಗಲೇ ಎಲ್ಲಕ್ಕೂ ಒಟ್ಟಿಗೆ ಒಪ್ಪಬೇಕಿತ್ತು. 2015ರ ಆರನೆಯ ಆವೃತ್ತಿಯಲ್ಲಿ ಇದು ಬದಲಾಯಿತು. ಇದೇ ರೀತಿ ಐಫೋನುಗಳಿಗೆ ಐದಾರು ವರ್ಷ ಹೊಸ ತಂತ್ರಾಂಶ ಸಿಗುತ್ತಿದ್ದಾಗ ಅನೇಕ ಆಂಡ್ರಾಯ್ಡ್ ಫೋನುಗಳಿಗೆ ಎರಡೇ ವರ್ಷಕ್ಕೆ ನಿಂತುಹೋಗುತ್ತಿತ್ತು. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ 7 ವರ್ಷಗಳ ಭರವಸೆ ಕೊಟ್ಟಿತು. 2024ರಲ್ಲಿ ಸ್ಯಾಮ್ಸಂಗ್ ತನ್ನ ಮೇಲ್ದರ್ಜೆಯ ಫೋನುಗಳಿಗೆ ಅಷ್ಟೇ ವರ್ಷ ಎಂದಿತು. ಫೋನು ಹೆಚ್ಚು ಕಾಲ ಬಾಳಿದರೆ ಮನೆಯ ಖರ್ಚೂ ಉಳಿಯುತ್ತದೆ, ಕಸವೂ ಕಡಿಮೆಯಾಗುತ್ತದೆ.

ಭೂಪಟದ ಪ್ರಸಂಗ

ಪೈಪೋಟಿಯ ಒಳ ನಡೆಯನ್ನು ತಿಳಿಯಲು ಭೂಪಟದ ಕಥೆ ಬಹಳ ಸಹಾಯಕ.

ಮೊದಲ ಐಫೋನಿನ ಭೂಪಟಕ್ಕೆ ಮಾಹಿತಿ ಒದಗಿಸುತ್ತಿದ್ದುದು ಗೂಗಲ್ ಸಂಸ್ಥೆಯೇ. 2009ರ ಅಕ್ಟೋಬರಿನಲ್ಲಿ ಗೂಗಲ್ ಆಂಡ್ರಾಯ್ಡ್ ಫೋನುಗಳಿಗೆ ಒಂದು ಹೊಸ ಸೌಲಭ್ಯ ಕೊಟ್ಟಿತು. ಎಲ್ಲಿ ಎಡಕ್ಕೆ ತಿರುಗಬೇಕು, ಎಲ್ಲಿ ಬಲಕ್ಕೆ ಎಂದು ಫೋನೇ ಧ್ವನಿಯಲ್ಲಿ ಹೇಳುತ್ತಿತ್ತು. ಅದೂ ಉಚಿತವಾಗಿ. ಅದುವರೆಗೆ ಅಮೆರಿಕ, ಯೂರೋಪುಗಳಲ್ಲಿ ಜನ ಇದಕ್ಕಾಗಿ ಕಾರಿನಲ್ಲಿಡುವ ಪ್ರತ್ಯೇಕ ಉಪಕರಣ ಕೊಳ್ಳುತ್ತಿದ್ದರು. ಸುದ್ದಿ ಬಂದ ದಿನವೇ ಅಂಥ ಉಪಕರಣ ತಯಾರಿಸುವ ಗಾರ್ಮಿನ್ ಮತ್ತು ಟಾಮ್‌ಟಾಮ್ ಕಂಪನಿಗಳ ಷೇರು ಬೆಲೆ ತೀವ್ರವಾಗಿ ಕುಸಿಯಿತು.

ಐಫೋನಿಗೆ ಈ ಸೌಲಭ್ಯ ಸಿಗಲಿಲ್ಲ. ಎದುರಾಳಿಯ ಭೂಪಟವನ್ನು ನೆಚ್ಚಿಕೊಂಡರೆ ಹಿಂದೆ ಬೀಳುತ್ತೇವೆ ಎಂದು ಆ್ಯಪಲ್ 2012ರ ಸೆಪ್ಟೆಂಬರಿನಲ್ಲಿ ಸ್ವಂತ ಭೂಪಟ ತಂದಿತು. ಅದರಲ್ಲಿ ತಪ್ಪುಗಳು ತುಂಬಿದ್ದವು. ಊರುಗಳ ಸ್ಥಾನ ತಪ್ಪಿತ್ತು, ಸೇತುವೆಗಳು ಬಾಗಿದಂತೆ ಕಾಣುತ್ತಿದ್ದವು. ಅದೇ ತಿಂಗಳ 28ರಂದು ಮುಖ್ಯಸ್ಥ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಿದರು. ಸರಿಯಾಗುವ ತನಕ ಬೇರೆಯವರ ಭೂಪಟ ಬಳಸಿ ಎಂದೂ ಸೂಚಿಸಿದರು. ಡಿಸೆಂಬರಿನಲ್ಲಿ ಗೂಗಲ್ ತನ್ನ ಭೂಪಟವನ್ನು, ಧ್ವನಿ ಮಾರ್ಗದರ್ಶನದ ಸಹಿತ, ಐಫೋನಿಗೇ ಬಿಡುಗಡೆ ಮಾಡಿತು. ಆ್ಯಪಲ್ ತನ್ನದನ್ನು ವರ್ಷದಿಂದ ವರ್ಷಕ್ಕೆ ತಿದ್ದುತ್ತ ಹೋಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಐಫೋನಿನ ಭೂಪಟದಲ್ಲಿ ಧ್ವನಿ ಮಾರ್ಗದರ್ಶನ ಉಚಿತವಾಗಿ ಸಿಗಲು ಮೂರು ವರ್ಷ ಹಿಡಿಯಿತು. ಎದುರಾಳಿಯ ಕೈಯಲ್ಲಿ ಮುಖ್ಯವಾದದ್ದೊಂದು ಸಿಕ್ಕಿಬಿದ್ದರೆ ಪೈಪೋಟಿ ಮೊದಲು ಬಳಕೆದಾರನಿಗೆ ತೊಂದರೆ ಕೊಡುತ್ತದೆ. ಅನಂತರವೇ ಲಾಭ.

ಕತ್ತಲೆಯಲ್ಲಿ ಚಿತ್ರ

ಇನ್ನೊಂದು ಉದಾಹರಣೆಯನ್ನು ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಕೊಡುತ್ತೇನೆ. ಫೋನಿನ ಕ್ಯಾಮೆರಾದಲ್ಲಿ ಬೆಳಕು ಬೀಳುವ ಸಂವೇದಕ ಬಹಳ ಚಿಕ್ಕದು. ಮಂದ ಬೆಳಕಿನಲ್ಲಿ ಚಿತ್ರ ತೆಗೆದರೆ ಕಾಳುಕಾಳಾಗಿ ಬರುತ್ತದೆ. ಈ ಕಾಳುಗಳಿಗೆ ‘ಗದ್ದಲ’ ಎನ್ನುತ್ತಾರೆ. ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಕೈ ನಡುಗಿ ಚಿತ್ರ ಮಸುಕಾಗುತ್ತದೆ.

ಪರಿಹಾರ ಗಣಿತದಲ್ಲಿದೆ. ಒಂದರ ಬದಲು ಹಲವು ಚಿತ್ರಗಳನ್ನು ಬೇಗಬೇಗ ತೆಗೆಯಬೇಕು. ಅವನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ತೆಗೆಯಬೇಕು. ನಿಜವಾದ ದೃಶ್ಯ ಎಲ್ಲದರಲ್ಲೂ ಒಂದೇ, ಅದು ಉಳಿಯುತ್ತದೆ. ಗದ್ದಲ ಪ್ರತಿ ಚಿತ್ರದಲ್ಲೂ ಬೇರೆ ಬೇರೆ, ಆದ್ದರಿಂದ ಒಂದನ್ನೊಂದು ಹೊಡೆದುಹಾಕುತ್ತದೆ. ಅದು ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಪಾಲು ತಗ್ಗುತ್ತದೆ. 9 ಚಿತ್ರ ತೆಗೆದರೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

2018ರಲ್ಲಿ ಹುವಾವೇ ಮತ್ತು ಗೂಗಲ್ ಈ ಬಗೆಯ ರಾತ್ರಿ ಛಾಯಾಗ್ರಹಣವನ್ನು ತಮ್ಮ ಫೋನುಗಳಲ್ಲಿ ತಂದವು. 2019ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಐಫೋನ್ 11ರಲ್ಲಿ ತಂದಿತು. ಮೂಲ ಗಣಿತ ಹಳೆಯದು, ಖಗೋಳ ವಿಜ್ಞಾನಿಗಳು ಬಳಸುತ್ತಿದ್ದದ್ದೇ. ಅದನ್ನು ಜನಸಾಮಾನ್ಯರ ಜೇಬಿಗೆ ಇಷ್ಟು ಬೇಗ ತಲುಪಿಸಿದ್ದು ಪೈಪೋಟಿ.

ಇದರಿಂದ ಒಂದು ಮಾತು ಸ್ಪಷ್ಟ. ಪೈಪೋಟಿಯ ದೊಡ್ಡ ಶಕ್ತಿ ಇರುವುದು ತಿದ್ದುವುದರಲ್ಲಿ, ಅಗ್ಗ ಮಾಡುವುದರಲ್ಲಿ, ಹಬ್ಬಿಸುವುದರಲ್ಲಿ. ಮೂಲ ಶೋಧಗಳ ಮನೆ ಬಹುಮಟ್ಟಿಗೆ ಬೇರೆ. ಉಪಗ್ರಹಗಳಿಂದ ಸ್ಥಳ ತಿಳಿಯುವ ಜಿಪಿಎಸ್ ಅಮೆರಿಕ ಸರ್ಕಾರದ ರಕ್ಷಣಾ ಯೋಜನೆ. ಅಂತರ್ಜಾಲದ ಬೇರು ಸರ್ಕಾರಿ ಹಣದ ಸಂಶೋಧನೆಯಲ್ಲಿದೆ. ಲಿಥಿಯಂ ಅಯಾನ್ ಬ್ಯಾಟರಿಯ ಒಂದು ಮುಖ್ಯ ಹೆಜ್ಜೆ 1980ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಇಟ್ಟದ್ದು. ಆ ಕೆಲಸಕ್ಕೆ 2019ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಪ್ರಯೋಗಾಲಯಕ್ಕೆ ಹಣ ಕೊಡದೆ ಪೈಪೋಟಿಯನ್ನಷ್ಟೇ ನಂಬಿದರೆ, ತಿದ್ದಲು ಹೊಸತೇ ಉಳಿಯುವುದಿಲ್ಲ.

ಸೋತವರು ಬಿಟ್ಟುಹೋದದ್ದು

ಈ ಓಟದಲ್ಲಿ ಬಿದ್ದವರನ್ನೂ ನೆನೆಯಬೇಕು. 2011ರ ಫೆಬ್ರವರಿಯಲ್ಲಿ ನೋಕಿಯಾ ಸಿಂಬಿಯನ್ನನ್ನು ಬಿಟ್ಟು ಮೈಕ್ರೋಸಾಫ್ಟ್ ಜೊತೆ ಸೇರಿತು. 2014ರಲ್ಲಿ ಅದರ ಫೋನು ವಿಭಾಗವೇ ಮೈಕ್ರೋಸಾಫ್ಟ್ ಪಾಲಾಯಿತು. ವಿಂಡೋಸ್ ಫೋನನ್ನು ಹಲವರು ಮೆಚ್ಚಿದ್ದರು, ಆದರೆ ಆ್ಯಪ್‌ಗಳು ಸಾಲದೆ ಅದು ನಿಂತಿತು. ವ್ಯಾಪಾರಿಗಳಿಲ್ಲದ ಸಂತೆಯ ಸ್ಥಿತಿ. ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳ ಸೇವೆ 2022ರ ಜನವರಿ 4ರಂದು ಕೊನೆಗೊಂಡಿತು.

ಸೋತವರ ಆಲೋಚನೆಗಳು ಮಾತ್ರ ಸಾಯಲಿಲ್ಲ. ತೆರೆದಿರುವ ಆ್ಯಪ್‌ಗಳನ್ನು ಇಸ್ಪೀಟು ಎಲೆಗಳಂತೆ ಸಾಲಾಗಿ ತೋರಿಸಿ, ಬೇಡವಾದದ್ದನ್ನು ಬೆರಳಿನಿಂದ ಮೇಲಕ್ಕೆ ತಳ್ಳುವ ಕ್ರಮವನ್ನು ನೀವು ದಿನವೂ ಬಳಸುತ್ತೀರಿ. ಅದು 2009ರಲ್ಲಿ ಪಾಮ್ ಸಂಸ್ಥೆ ತನ್ನ ವೆಬ್‌ಒಎಸ್ ವ್ಯವಸ್ಥೆಯಲ್ಲಿ ತಂದದ್ದು. ಅದರ ವಿನ್ಯಾಸ ತಂಡದ ಪ್ರಮುಖರಾಗಿದ್ದ ಮಟಿಯಾಸ್ ಡ್ವಾರ್ಟೆ 2010ರಲ್ಲಿ ಗೂಗಲ್ ಸೇರಿದರು. ಸ್ಪರ್ಧಿಗಳು ಐದಾರು ಮಂದಿ ಇದ್ದಾಗ ಇಂಥ ಹೊಸ ಕಲ್ಪನೆಗಳು ಬರುವ ಬಾಗಿಲುಗಳೂ ಐದಾರು ಇರುತ್ತವೆ. ಇಬ್ಬರೇ ಉಳಿದಾಗ ಬಾಗಿಲುಗಳೂ ಎರಡೇ.

ಪೈಪೋಟಿ ಕೈಕೊಟ್ಟ ಕಡೆ

ಈಗ ನಾಣ್ಯದ ಇನ್ನೊಂದು ಮುಖ. ಆ್ಯಪ್ ಮಾರಾಟದಲ್ಲಿ ಅಂಗಡಿಯವರು ಹಿಡಿದುಕೊಳ್ಳುವ ಪಾಲು ಎಷ್ಟು? 2008ರಲ್ಲಿ ಆ್ಯಪಲ್ ಶೇ 30 ಎಂದು ಗೊತ್ತುಮಾಡಿತು. ಗೂಗಲ್ ಅಂಗಡಿಯಲ್ಲೂ ಅಷ್ಟೇ. ನಿಜವಾದ ಪೈಪೋಟಿ ಇದ್ದರೆ ಒಬ್ಬರು 25ಕ್ಕೆ ಇಳಿಸಬೇಕಿತ್ತು, ಇನ್ನೊಬ್ಬರು 20ಕ್ಕೆ. ಹಾಗಾಗದೆ ಸಾಮಾನ್ಯ ದರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ನಿಂತಿತು. ಏಕೆ?

ಸಂತೆಯ ಹೋಲಿಕೆಗೆ ಮತ್ತೆ ಬರೋಣ. ಊರಿನಲ್ಲಿ ಎರಡು ಸಂತೆಗಳಿವೆ ಎನ್ನಿ. ಕೊಳ್ಳುವವರು ಒಬ್ಬೊಬ್ಬರೂ ಒಂದೇ ಸಂತೆಗೆ ಹೋಗುತ್ತಾರೆ, ಇನ್ನೊಂದರ ಕಡೆ ತಲೆ ಹಾಕುವುದಿಲ್ಲ. ಆಗ ವ್ಯಾಪಾರಿ ಏನು ಮಾಡಬೇಕು? ಎರಡೂ ಕಡೆ ಅಂಗಡಿ ಹಾಕಬೇಕು, ಇಲ್ಲವಾದರೆ ಅರ್ಧ ಗಿರಾಕಿಗಳು ಕೈತಪ್ಪುತ್ತಾರೆ. ಸುಂಕ ಹೆಚ್ಚೆಂದು ಒಂದನ್ನು ಬಿಡುವಂತಿಲ್ಲ. ಬಿಟ್ಟುಹೋಗಲಾರದವನಿಗಾಗಿ ಯಾರೂ ಸುಂಕ ಇಳಿಸುವುದಿಲ್ಲ. ನಾವು ಒಂದೇ ಫೋನನ್ನು ಜೇಬಿನಲ್ಲಿಟ್ಟುಕೊಳ್ಳುತ್ತೇವೆ. ಆದ್ದರಿಂದ ಬಳಕೆದಾರರಿಗಾಗಿ ಪೈಪೋಟಿ ತೀವ್ರ, ಆ್ಯಪ್ ತಯಾರಕರಿಗಾಗಿ ದುರ್ಬಲ.

2020ರ ಆಗಸ್ಟಿನಲ್ಲಿ ಎಪಿಕ್ ಗೇಮ್ಸ್ ಎಂಬ ಆಟ ತಯಾರಕ ಸಂಸ್ಥೆ ಇಬ್ಬರ ಮೇಲೂ ಅಮೆರಿಕದಲ್ಲಿ ದಾವೆ ಹೂಡಿತು. ಹಲವು ದೇಶಗಳ ಸರ್ಕಾರಗಳೂ ವಿಚಾರಿಸತೊಡಗಿದವು. ಅದೇ ವರ್ಷದ ನವೆಂಬರಿನಲ್ಲಿ ಆ್ಯಪಲ್ ಸಣ್ಣ ತಯಾರಕರಿಗೆ ಪಾಲನ್ನು ಶೇ 15ಕ್ಕೆ ಇಳಿಸುವುದಾಗಿ ಹೇಳಿತು. 2021ರಲ್ಲಿ ಗೂಗಲ್ ಪ್ರತಿ ತಯಾರಕರ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಅದೇ ದರ ತಂದಿತು. ಪೈಪೋಟಿ ಹನ್ನೆರಡು ವರ್ಷದಲ್ಲಿ ಮಾಡದ ಕೆಲಸ ನ್ಯಾಯಾಲಯದ ಮತ್ತು ಸರ್ಕಾರಗಳ ಒತ್ತಡ ಬಂದ ಮೇಲೆ ನಡೆಯಿತು.

ನಮ್ಮ ದೇಶದಲ್ಲೂ ಕಾನೂನು ಎಚ್ಚೆತ್ತಿತು. ಫೋನು ತಯಾರಕರ ಮೇಲೆ ಗೂಗಲ್ ತನ್ನ ಆ್ಯಪ್‌ಗಳನ್ನು ಹೇರುತ್ತದೆ ಎಂಬ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ರೂ. 1,337.76 ಕೋಟಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಯೂರೋಪಿನ ಒಕ್ಕೂಟ ಎಲ್ಲ ಫೋನುಗಳಿಗೂ ಒಂದೇ ಬಗೆಯ ಚಾರ್ಜರ್ ಕಿಂಡಿ ಇರಬೇಕೆಂದು ಕಾನೂನು ಮಾಡಿತು. 2023ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 15ರಲ್ಲಿ ಆ್ಯಪಲ್ ತನ್ನ ಪ್ರತ್ಯೇಕ ಕಿಂಡಿಯನ್ನು ಬಿಟ್ಟುಕೊಟ್ಟಿತು. ಆಟ ಚೆನ್ನಾಗಿ ನಡೆಯಬೇಕಾದರೆ ಆಟಗಾರರಷ್ಟೇ ಸಾಲದು, ತೀರ್ಪುಗಾರನೂ ಬೇಕು.

ಕನ್ನಡದ ಸರದಿ

ಕನ್ನಡಿಗರಾದ ನಮಗೆ ಈ ಕಥೆಯಲ್ಲಿ ಒಂದು ಸ್ವಂತ ಪಾಠವಿದೆ.

ಪರದೆಯ ಮೇಲೆ ಕನ್ನಡ ಮೂಡಿಸುವುದು ಇಂಗ್ಲಿಷಿನಷ್ಟು ಸರಳವಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡ್ ಸಂಕೇತದಲ್ಲಿ ಆರು ಸಂಕೇತಗಳ ಸಾಲು: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ಈ ಸ್ವರದ ಚಿಹ್ನೆ. ಇವನ್ನು ಜೋಡಿಸಿ ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ತಂತ್ರಾಂಶ ಫೋನಿನೊಳಗೆ ಇರಬೇಕು. ಅದಿಲ್ಲದ ಫೋನುಗಳಲ್ಲಿ ಕನ್ನಡ ಒಡೆದ ಅಕ್ಷರಗಳಾಗಿಯೋ ಖಾಲಿ ಚೌಕಗಳಾಗಿಯೋ ಕಾಣುತ್ತಿತ್ತು.

2012ರ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡಕ್ಕೆ ಬೆಂಬಲ ಬಂತು. 2014ರ 5.0 ಆವೃತ್ತಿಯಿಂದ ಫೋನಿನ ಆಯ್ಕೆ, ಸೂಚನೆಗಳನ್ನೆಲ್ಲ ಕನ್ನಡದಲ್ಲಿ ಓದುವುದು ಸಾಧ್ಯವಾಯಿತು. ಐಫೋನಿನಲ್ಲಿ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಇಡೀ ವ್ಯವಸ್ಥೆಯ ಭಾಷೆಯಾಗಿ ಕನ್ನಡ ಸೇರಿದ್ದು 2025ರಲ್ಲಿ. ಹನ್ನೊಂದು ವರ್ಷಗಳ ಅಂತರ!

ಆ್ಯಪಲ್‌ನ ಎಂಜಿನಿಯರುಗಳಿಗೆ ಇದು ಅಸಾಧ್ಯವಾದ ಕೆಲಸವಾಗಿರಲಿಲ್ಲ. ಲೆಕ್ಕಾಚಾರ ಬೇರೆ ಇತ್ತು ಎಂದೇ ನನ್ನ ಊಹೆ. 2014ರ ಸೆಪ್ಟೆಂಬರಿನಲ್ಲಿ ಗೂಗಲ್ ಭಾರತದಲ್ಲಿ ರೂ. 6,399ರ ಆಸುಪಾಸಿನ ಆಂಡ್ರಾಯ್ಡ್ ಒನ್ ಫೋನುಗಳನ್ನು ಬಿಡುಗಡೆ ಮಾಡಿಸಿತು. ಆ ಬೆಲೆಯ ಫೋನು ಕೊಳ್ಳುವವರಲ್ಲಿ ಇಂಗ್ಲಿಷ್ ಓದದವರೂ ಇರುತ್ತಾರೆ, ಅವರನ್ನು ಮುಟ್ಟಲು ಅವರ ಭಾಷೆ ಬೇಕು. ಹತ್ತುಪಟ್ಟು ಬೆಲೆಯ ಫೋನು ಮಾರುವವರಿಗೆ ಆ ಅವಸರವಿಲ್ಲ. ಪೈಪೋಟಿ ಕೊಳ್ಳುವವರ ಮಾತನ್ನು ಕೇಳುತ್ತದೆ. ಕೊಳ್ಳುವ ಶಕ್ತಿ ಇಲ್ಲದವರ, ಕೊಂಡರೂ ಕೇಳದವರ ಮಾತು ಅದರ ಕಿವಿಗೆ ತಡವಾಗಿ ಬೀಳುತ್ತದೆ.

ಅಷ್ಟೇ ಅಲ್ಲ. ಈ ಎರಡು ವೇದಿಕೆಗಳು ಹುಟ್ಟುವ ಎಷ್ಟೋ ಮೊದಲೇ ಕೆ. ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ್ದರು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತ್ತು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ಭಾಷೆಯ ಮೇಲಿನ ಪ್ರೀತಿಯಿಂದ, ಸಾರ್ವಜನಿಕ ಪ್ರಯತ್ನದಿಂದ ನಡೆದ ಕೆಲಸಗಳಿವು. ಪೈಪೋಟಿ ಬಂದಾಗ ಏರಲು ಮೆಟ್ಟಿಲು ಸಿದ್ಧವಿತ್ತು.

ಚರ್ಚೆಗೆ ಕೆಲವು ಪ್ರಶ್ನೆಗಳು

ಇಷ್ಟನ್ನೂ ಒಟ್ಟುಗೂಡಿಸಿದರೆ ಆರಂಭದ ಮಾತಿಗೆ ಹೀಗೆ ಉತ್ತರಿಸಬಹುದು. ಬಳಕೆದಾರ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಲ್ಲ ಎಂಬ ಭಯ ಇರುವ ಕಡೆ ಪೈಪೋಟಿ ಹೊಸತನ್ನು ಬೇಗ ತರುತ್ತದೆ. ಆ ಭಯ ಇಲ್ಲದ ಕಡೆ ಅದು ನಿದ್ರಿಸುತ್ತದೆ. ನಿಮ್ಮ ಚಿತ್ರಗಳು, ಸಂದೇಶಗಳು, ಕೊಂಡ ಆ್ಯಪ್‌ಗಳು ಒಂದು ವೇದಿಕೆಯಲ್ಲಿ ಸಿಕ್ಕಿಬಿದ್ದಷ್ಟೂ ನೀವು ಬಿಟ್ಟುಹೋಗುವುದು ಕಷ್ಟ. ಆದ್ದರಿಂದ ಅವನ್ನು ಸುಲಭವಾಗಿ ಹೊರತೆಗೆದು ಸಾಗಿಸುವ ಹಕ್ಕು ಸಣ್ಣ ಅನುಕೂಲವಲ್ಲ. ಇಡೀ ಪೈಪೋಟಿಯ ಜೀವ ಅದರಲ್ಲಿದೆ.

ಮುಂದಿನ ಪ್ರಶ್ನೆಗಳನ್ನು ತರಗತಿಯಲ್ಲಿ ಗೆಳೆಯರೊಡನೆ ಚರ್ಚಿಸಿ:

1. ನಿಮ್ಮ ಮನೆಯವರು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಏನೇನು ಕಳೆದುಕೊಳ್ಳುತ್ತಾರೆ? ಪಟ್ಟಿ ಮಾಡಿ.

2. ಮೂರನೆಯ ವೇದಿಕೆಯೊಂದು ಇಂದು ಬರಲು ಏನೇನು ಬೇಕು?

3. ಒಬ್ಬರ ಕಲ್ಪನೆಯನ್ನು ಇನ್ನೊಬ್ಬರು ಅಳವಡಿಸಿಕೊಳ್ಳುವುದು ಕಳ್ಳತನವೋ, ಕಲಿಕೆಯೋ? ಗೆರೆ ಎಲ್ಲಿ ಎಳೆಯುತ್ತೀರಿ?

4. ನಿಮ್ಮ ಫೋನಿನ ಭಾಷೆಯನ್ನು ಒಂದು ವಾರ ಕನ್ನಡಕ್ಕೆ ಬದಲಿಸಿ ಬಳಸಿ. ಎಲ್ಲಿ ಅನುವಾದ ಸರಿಯಿಲ್ಲ, ಎಲ್ಲಿ ಅಕ್ಷರ ಒಡೆಯುತ್ತದೆ ಎಂದು ಬರೆದಿಡಿ. ಬರೆದದ್ದನ್ನು ತಯಾರಕರಿಗೆ ಕಳುಹಿಸಿ. ಕೇಳುವ ಗಿರಾಕಿ ಇದ್ದರೆ ಮಾತ್ರ ಪೈಪೋಟಿಗೆ ಕಿವಿ ಇರುತ್ತದೆ.